ನಾಲ್ಕು ಸುತ್ತು, ಮೂರು ಬೆರಳು: ಡೊಮಿನಿಕ್ ಫಿಶ್‌ನಾಲರ್ ಪ್ರಕರಣ

3 ನಿಮಿಷ 10.932 ಸೆಕೆಂಡ್.
3 ನಿಮಿಷ 10.934 ಸೆಕೆಂಡ್.

ಇನ್ನೊಂದು ಸಲ ಓದಿ. ಕೊನೆಯ ಅಂಕಿ ಬಿಟ್ಟರೆ ಎರಡೂ ಒಂದೇ. 2018ರ ಫೆಬ್ರವರಿ 11ರ ರಾತ್ರಿ, ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್. ಪುರುಷರ ಲೂಜ್ ಸ್ಪರ್ಧೆ, ಅಂದರೆ ಜಾರುಬಂಡಿ ಮೇಲೆ ಮಲಗಿ ಮಂಜಿನ ದಾರಿಯಲ್ಲಿ ಜಾರುವ ಆಟ, ಆಗ ತಾನೇ ಮುಗಿದಿತ್ತು. ಮೊದಲನೇ ಅಂಕಿ ಜರ್ಮನಿಯ ಯೊಹಾನ್ನೆಸ್ ಲುಡ್ವಿಗ್‌ದು. ಅವನಿಗೆ ಕಂಚು ಸಿಕ್ಕಿತು. ಎರಡನೇದು ಇಟಲಿಯ ಡೊಮಿನಿಕ್ ಫಿಶ್‌ನಾಲರ್‌ದು. ಅವನಿಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ, ಅಂದರೆ ಏನೂ ಇಲ್ಲ. ಇಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಇನ್ನು ಒಂಬತ್ತು ದಿನ ಇತ್ತು.

(ಕ್ರಿಕೆಟಿಗರನ್ನು ಕರೆಯುವ ಹಾಗೆ ಇಲ್ಲಿ ಎಲ್ಲರನ್ನೂ ಏಕವಚನದಲ್ಲೇ ಕರೆಯುತ್ತೇನೆ. ಸಲಿಗೆಯಿಂದ, ಅಗೌರವದಿಂದ ಅಲ್ಲ.)

ಈ ಅಂತರವನ್ನು ಅಳತೆಗೆ ತಂದು ನೋಡೋಣ. ಅಲ್ಲಿನ ಟ್ರ್ಯಾಕಿನಲ್ಲಿ ಪುರುಷರು ಜಾರುವ ದೂರ 1,344 ಮೀಟರ್. ನಾಲ್ಕು ಸುತ್ತಿನ ಕಾಲ ಕೂಡಿಸಿ ಫಲಿತಾಂಶ ಹೇಳುತ್ತಾರೆ. ಅಲ್ಲಿಗೆ 5 ಕಿ.ಮೀ.ಗಿಂತ ಜಾಸ್ತಿ ಆಯಿತು. ಸರಾಸರಿ ವೇಗ ಗಂಟೆಗೆ ಸುಮಾರು 100 ಕಿ.ಮೀ. ಆ ವೇಗದಲ್ಲಿ ಸೆಕೆಂಡನ್ನು ಸಾವಿರ ಪಾಲು ಮಾಡಿ ಎರಡು ಪಾಲು ತೆಗೆದುಕೊಂಡರೆ ಐದೂವರೆ ಸೆಂಟಿಮೀಟರ್ ಆಗುತ್ತದೆ. ಮೂರು ಬೆರಳು ಜೋಡಿಸಿದಷ್ಟು ಅಗಲ. ರೆಪ್ಪೆ ಮಿಟುಕಿಸುವ ಹೊತ್ತಿನೊಳಗೆ ಈ ಅಂತರ ಹತ್ತಿರಹತ್ತಿರ ಐವತ್ತು ಸಲ ಹಿಡಿಸುತ್ತದೆ.

ಇಂಥ ಕತೆಯನ್ನು ಎಲ್ಲರೂ ಹೇಳುವ ರೀತಿ ಒಂದಿದೆ. ಸೋತ, ಛಲ ಬಿಡಲಿಲ್ಲ, ನಾಲ್ಕು ವರ್ಷದ ಮೇಲೆ ಗೆದ್ದ. ಡೊಮಿನಿಕ್ 2022ರಲ್ಲಿ ಪದಕ ಗೆದ್ದಿದ್ದೂ ನಿಜ. ಆದರೆ ನನಗೆ ಆ ಕತೆಯ ಮೇಲೆ ಅಷ್ಟು ನಂಬಿಕೆ ಇಲ್ಲ. ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದರೆ ಬೇರೆಯದೇ ಕಾಣುತ್ತದೆ.

ಆ ಕಣಿವೆ

ಡೊಮಿನಿಕ್ ಹುಟ್ಟಿದ್ದು 1993ರ ಫೆಬ್ರವರಿ 20ರಂದು, ಬ್ರಿಕ್ಸೆನ್ ಊರಲ್ಲಿ. ಇಟಲಿಯ ನಕ್ಷೆಯಲ್ಲಿ ಹುಡುಕಿದರೆ ಅದೇ ಊರಿಗೆ ಬ್ರೆಸ್ಸನೋನೆ ಅಂತ ಬರೆದಿರುತ್ತದೆ. ಅವನ ಮನೆ ಇರುವುದು ಅಲ್ಲಿಂದ ಸ್ವಲ್ಪ ಮೇಲೆ, ರಿಯೋ ದಿ ಪುಸ್ತೇರಿಯಾದಲ್ಲಿ. ಊರಿನವರು ಅದನ್ನು ಮ್ಯೂಲ್‌ಬಾಖ್ ಅನ್ನುತ್ತಾರೆ. ಇದು ದಕ್ಷಿಣ ಟಿರೋಲ್. ಮೊದಲನೇ ಮಹಾಯುದ್ಧ ಮುಗಿಯುವವರೆಗೆ ಆಸ್ಟ್ರಿಯಾದ ಕೈಯಲ್ಲಿತ್ತು, ಆಮೇಲೆ ಇಟಲಿಗೆ ಬಂತು. ಹೆಚ್ಚಿನವರ ಮನೆಮಾತು ಈಗಲೂ ಜರ್ಮನ್. ಪ್ರತಿ ಊರಿಗೂ ಎರಡು ಹೆಸರು, ಪ್ರತಿ ಬೋರ್ಡಿನ ಮೇಲೂ ಎರಡು ಸಾಲು. ಇಟಲಿಯ ಆಟಗಾರನಿಗೆ ಫಿಶ್‌ನಾಲರ್ ಅಂತ ಹೆಸರು ಹೇಗೆ ಬಂತು ಅನ್ನುವವರಿಗೆ ಉತ್ತರ ಇದೇ.

ಇಟಲಿಗೆ ಲೂಜ್ ಪದಕ ಬರುವುದೇ ಈ ಒಂದು ಮೂಲೆಯಿಂದ. ರೋಮ್‌ನಲ್ಲೋ ನೇಪಲ್ಸ್‌ನಲ್ಲೋ ಹುಟ್ಟಿದವನಿಗೆ ಈ ಆಟ ಟಿವಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಕಾಣುವ ವಿಚಿತ್ರ. ಇಲ್ಲಿ ಹಾಗಲ್ಲ. ಹಿಮ ಬಿದ್ದ ಮೇಲೆ ಕಾಡಿನ ಇಳಿಜಾರು ದಾರಿಗಳೇ ಟ್ರ್ಯಾಕ್ ಆಗುತ್ತವೆ, ಮಕ್ಕಳ ಕೈಯಲ್ಲಿ ಮರದ ಜಾರುಬಂಡಿ ಇರುತ್ತದೆ. ಆರು ಒಲಿಂಪಿಕ್ಸ್‌ನಲ್ಲಿ ಬಿಡದೆ ಪದಕ ಗೆದ್ದ ಆರ್ಮಿನ್ ಝೋಗ್ಗೆಲರ್ ಚಿಕ್ಕವನಿದ್ದಾಗ ಸ್ಕೂಲಿಗೆ ಹೋಗುತ್ತಿದ್ದಿದ್ದೇ ಜಾರುಬಂಡಿಯಲ್ಲಿ. ಡೊಮಿನಿಕ್ ಮನೆಯಲ್ಲೂ ಇದೇ ವಾತಾವರಣ. ಅಣ್ಣ ಹಾನ್ಸ್ ಪೀಟರ್ ಇಬ್ಬರು ಕೂರುವ ಲೂಜ್‌ನಲ್ಲಿ ಸ್ಪರ್ಧಿಸಿದವನು. ದಾಯಾದಿ ಕೆವಿನ್ ಕೂಡ ಅದೇ ವರ್ಷ ಹುಟ್ಟಿ, ಅದೇ ಆಟ ಹಿಡಿದು, ಅದೇ ರಾಷ್ಟ್ರೀಯ ತಂಡಕ್ಕೆ ಬಂದ. ಹಬ್ಬದ ಊಟಕ್ಕೆ ಕೂತರೆ ಅರ್ಧ ತಂಡ ಮನೆಯಲ್ಲೇ.

ಈ ಪುಸ್ತೇರಿಯಾ ಕಣಿವೆಯ ಹಳೆಯ ಪದಕಗಳ ಕತೆ ಸ್ವಲ್ಪ ಹೇಳಲೇಬೇಕು. ಡೊಮಿನಿಕ್‌ನ ಮೂರು ಬೆರಳಿಗೂ ಅದಕ್ಕೂ ನೇರ ಸಂಬಂಧ ಇದೆ.

1968, ಗ್ರೆನೋಬಲ್ ಒಲಿಂಪಿಕ್ಸ್. ಮಹಿಳೆಯರ ಲೂಜ್‌ನಲ್ಲಿ ಪೂರ್ವ ಜರ್ಮನಿಯವರು ಮೊದಲ, ಎರಡನೆಯ ಮತ್ತು ನಾಲ್ಕನೆಯ ಸ್ಥಾನದಲ್ಲಿದ್ದರು. ಜಾರುಬಂಡಿಯ ಉಕ್ಕಿನ ಪಟ್ಟಿಗಳನ್ನು ಬಿಸಿ ಮಾಡಿದ್ದಾರೆ ಅಂತ ಮೂವರನ್ನೂ ಹೊರಗೆ ಹಾಕಿದರು. ಬಿಸಿ ಉಕ್ಕು ಮಂಜನ್ನು ಕರಗಿಸುತ್ತದೆ, ಜಾಸ್ತಿ ಜಾರುತ್ತದೆ. ಚಿನ್ನ ಇಟಲಿಯ ಎರಿಕಾ ಲೆಖ್ನರ್ ಪಾಲಾಯಿತು. ಅವಳು ಮರಾಂಜಾದವಳು. ಮರಾಂಜಾ ಇರುವುದು ರಿಯೋ ದಿ ಪುಸ್ತೇರಿಯಾ ಪುರಸಭೆಯ ಒಳಗೇ.

1972, ಸಪ್ಪೊರೊ ಒಲಿಂಪಿಕ್ಸ್. ಇಬ್ಬರು ಕೂರುವ ಲೂಜ್. ಮೊದಲ ಸುತ್ತಿನಲ್ಲಿ ಇಟಲಿಯ ಪೌಲ್ ಹಿಲ್ಡ್‌ಗಾರ್ಟ್ನರ್ ಮತ್ತು ವಾಲ್ಟರ್ ಪ್ಲೈಕ್ನರ್ ಮುಂದಿದ್ದರು. ಆದರೆ ಆರಂಭದ ಗೇಟು ಕೈಕೊಟ್ಟಿತ್ತು ಅಂತ ಆ ಸುತ್ತನ್ನೇ ರದ್ದು ಮಾಡಿದರು. ಮತ್ತೆ ಓಡಿಸಿದರು. ಎರಡು ಸುತ್ತು ಕೂಡಿಸಿದಾಗ ಇಟಲಿ ಜೋಡಿಯದು 1 ನಿಮಿಷ 28.35 ಸೆಕೆಂಡ್. ಪೂರ್ವ ಜರ್ಮನಿ ಜೋಡಿಯದೂ ಅಷ್ಟೇ. ಗಡಿಯಾರ ಆಗ ಸೆಕೆಂಡಿನ ನೂರನೇ ಭಾಗದವರೆಗೆ ಮಾತ್ರ ಅಳೆಯುತ್ತಿತ್ತು. ಬೇರೆ ದಾರಿ ಇರಲಿಲ್ಲ, ಇಬ್ಬರಿಗೂ ಚಿನ್ನ ಕೊಟ್ಟರು. ಹಿಲ್ಡ್‌ಗಾರ್ಟ್ನರ್ ಕೀನ್ಸ್ ಊರಿನವನು. ಮ್ಯೂಲ್‌ಬಾಖ್ ದಾಟಿ ಇದೇ ಕಣಿವೆಯಲ್ಲಿ ಮೇಲಕ್ಕೆ ಹೋದರೆ ಕೀನ್ಸ್ ಸಿಗುತ್ತದೆ.

ಆ ಸಮಬಲ ಆದಮೇಲೆ ಲೂಜ್‌ನವರು ಗಡಿಯಾರ ಬದಲಾಯಿಸಿದರು. ಮುಂದಿನ ಒಲಿಂಪಿಕ್ಸ್ ಹೊತ್ತಿಗೆ ಅಳತೆ ಸಾವಿರನೇ ಭಾಗಕ್ಕೆ ಇಳಿದಿತ್ತು.

ಈಗ ಮೇಲಿನ ಎರಡು ಅಂಕಿಗಳನ್ನು ಮತ್ತೆ ನೋಡಿ. ಕೊನೆಯ ಅಂಕಿಯನ್ನು ಬೆರಳಿನಿಂದ ಮುಚ್ಚಿ. 3:10.93. 3:10.93. ಸುತ್ತುಸುತ್ತಿನ ಕಾಲವನ್ನು ಬೇರೆ ಬೇರೆ ಕತ್ತರಿಸಿ ಕೂಡಿದರೆ ನೂರನೆಯ ಭಾಗದಲ್ಲಿ ಅಷ್ಟಿಷ್ಟು ಆಚೆ ಈಚೆ ಆಗಬಹುದು, ಅದು ಬೇರೆ ಮಾತು. ಆದರೆ ಒಟ್ಟು ಕಾಲವನ್ನು ಹಳೆಯ ಗಡಿಯಾರದಲ್ಲಿ ಓದಿದರೆ ಡೊಮಿನಿಕ್ ಕೊರಳಲ್ಲೂ ಕಂಚು ಇರುತ್ತಿತ್ತು. ಒಂದು ಕಾಲಕ್ಕೆ ಕಣಿವೆಯ ಹುಡುಗನಿಗೆ ಚಿನ್ನ ಕೊಟ್ಟ ಸಮಬಲ, ನಲವತ್ತಾರು ವರ್ಷ ಆದಮೇಲೆ ಅದೇ ಕಣಿವೆಯ ಇನ್ನೊಬ್ಬನಿಂದ ಕಂಚು ಕಿತ್ತುಕೊಂಡಿತು. ಯಾರನ್ನು ಬೈಯೋದು ಹೇಳಿ?

ಆ ಎರಡು ಪಾಲು ಎಲ್ಲಿ ಹೋಯಿತು

ಸೋತ ಮೇಲೆ ಎಲ್ಲಿ ತಪ್ಪಿತು ಅಂತ ಹುಡುಕುವುದು ಮನುಷ್ಯ ಸ್ವಭಾವ. ಲೂಜ್‌ನಲ್ಲಿ ಹುಡುಕೋಕೆ ಜಾಗ ಬೇಕಾದಷ್ಟಿದೆ. ಅದೇ ತೊಂದರೆ.

ಆಟ ನೋಡದವರಿಗೆ ಎರಡು ಮಾತು. ಲೂಜ್ ಅಂದರೆ ಬೆನ್ನ ಮೇಲೆ ಮಲಗಿ, ಕಾಲು ಮುಂದೆ ಮಾಡಿ, ಮಂಜು ಕಟ್ಟಿದ ಕಾಲುವೆಯಂಥ ದಾರಿಯಲ್ಲಿ ಜಾರುವುದು. ಬ್ರೇಕ್ ಇಲ್ಲ. ಸ್ಟೀರಿಂಗ್ ಇಲ್ಲ. ಸ್ಲೆಡ್‌ಗೆ, ಅಂದರೆ ಜಾರುಬಂಡಿಗೆ, ಮುಂದೆ ಬಾಗಿದ ಎರಡು ಕಾಲುಗಳಿರುತ್ತವೆ, ಜರ್ಮನ್‌ನಲ್ಲಿ ಕೂಫೆನ್ ಅನ್ನುತ್ತಾರೆ. ಅವುಗಳ ಅಡಿಗೆ ಉಕ್ಕಿನ ಪಟ್ಟಿ. ಮೀನಖಂಡದಿಂದ ಕೂಫೆನ್ ಒತ್ತಿದರೆ ಸ್ಲೆಡ್ ತಿರುಗುತ್ತದೆ. ಭುಜ ಸ್ವಲ್ಪ ಅದುಮಿದರೆ ಇನ್ನಷ್ಟು ತಿರುಗುತ್ತದೆ. ವೇಗ ಗಂಟೆಗೆ 130 ಕಿ.ಮೀ. ಮುಟ್ಟುವ ಹೊತ್ತಿಗೆ ಈ ಒತ್ತುವಿಕೆ ಹೊರಗಿನವರ ಕಣ್ಣಿಗೆ ಕಾಣುವುದೇ ಇಲ್ಲ. ನೋಡುವವನಿಗೆ ಇವನೇನು ಸುಮ್ನೆ ಮಲಗಿದ್ದಾನಲ್ಲ ಅನ್ನಿಸುತ್ತದೆ. ತಿರುವಿನಲ್ಲಿ ಮೈಭಾರ ನಾಲ್ಕೈದು ಪಟ್ಟು ಆಗಿ ಕುತ್ತಿಗೆಯನ್ನು ಕೆಳಕ್ಕೆ ಜಗ್ಗುತ್ತಿರುತ್ತದೆ ಅನ್ನುವುದು ಮಲಗಿದವನಿಗೆ ಮಾತ್ರ ಗೊತ್ತು.

ಆರಂಭ ಕೈಯದು. ಎರಡೂ ಕಡೆಯ ಹಿಡಿಕೆ ಹಿಡಿದು ಹಿಂದೆ ಮುಂದೆ ಜೀಕಿ, ಜೋರಾಗಿ ಎಳೆದು ಹೊರಡಬೇಕು. ಆಮೇಲೆ ಮೂರು ನಾಲ್ಕು ಸಲ ಕೈಯಿಂದ ಮಂಜು ಗೀಚಿ ತಳ್ಳಬೇಕು, ಅದಕ್ಕೆ ಗ್ಲೌಸಿನ ಬೆರಳ ತುದಿಯಲ್ಲಿ ಸಣ್ಣ ಮುಳ್ಳು ಇರುತ್ತವೆ. ಅಲ್ಲಿ ಕಳೆದ ಒಂದಿಷ್ಟು ಕಾಲ ಕೆಳಗೆ ಹೋಗುತ್ತಾ ದೊಡ್ಡದಾಗುತ್ತದೆ, ಯಾಕೆಂದರೆ ನಿಧಾನವಾಗಿ ಹೊರಟವನು ಉದ್ದಕ್ಕೂ ನಿಧಾನ. ತಲೆ ಎತ್ತಿ ದಾರಿ ನೋಡಿದರೆ ಗಾಳಿ ತಡೆಯುತ್ತದೆ, ನೋಡದಿದ್ದರೆ ಗೋಡೆ ಸವರುತ್ತದೆ. ಉಕ್ಕಿನ ಪಟ್ಟಿಯನ್ನು ಉಜ್ಜಿ ಹೊಳಪು ಮಾಡಿದ್ದು ಆ ದಿನದ ಚಳಿಗೆ ಸರಿಹೋಗಬೇಕು. ಬಿಸಿ ಮಾಡುವ ಹಾಗಿಲ್ಲ. ಟ್ರ್ಯಾಕ್ ಹತ್ತಿರ ನೆರಳಲ್ಲಿ ಒಂದು ಉಕ್ಕಿನ ತುಂಡು ನೇತು ಹಾಕಿರುತ್ತಾರೆ, ಸ್ಪರ್ಧಿಯ ಪಟ್ಟಿ ಅದಕ್ಕಿಂತ 5 ಡಿಗ್ರಿಗಿಂತ ಜಾಸ್ತಿ ಬಿಸಿ ಇರಬಾರದು. ಎರಿಕಾ ಲೆಖ್ನರ್‌ಗೆ ಚಿನ್ನ ತಂದುಕೊಟ್ಟ ಆ ಹಳೆಯ ಗಲಾಟೆ ಇನ್ನೂ ಥರ್ಮಾಮೀಟರ್ ರೂಪದಲ್ಲಿ ಜೀವಂತವಾಗಿದೆ.

ಇಷ್ಟೂ ಕಡೆ 0.002 ಸೆಕೆಂಡ್ ಹುಡುಕಬೇಕು. ಅದೂ ನಾಲ್ಕು ಸುತ್ತಿಗೆ ಹಂಚಿ. ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ಅರ್ಧ ಪಾಲು. ಅಷ್ಟನ್ನು ಅಳೆಯಲು ಲೂಜ್ ಗಡಿಯಾರಕ್ಕೇ ಆಗುವುದಿಲ್ಲ. ಅಂದಮೇಲೆ ಆ ರಾತ್ರಿ ಲುಡ್ವಿಗ್ ಡೊಮಿನಿಕ್‌ಗಿಂತ ಚೆನ್ನಾಗಿ ಜಾರಿದ ಅನ್ನೋಕಾಗುತ್ತಾ? ಫಲಿತಾಂಶದ ಹಾಳೆ ಹೌದು ಅನ್ನುತ್ತದೆ. ನಾನು ಅನ್ನುವುದಿಲ್ಲ. ಗಾಳಿಯ ಒಂದು ಸುಳಿ, ಮಂಜಿನ ಮೇಲಿನ ಒಂದು ಗೀರು, ಮೂಗಿನ ತುದಿಯಷ್ಟು ಎತ್ತಿದ ತಲೆ. ಇವುಗಳಲ್ಲಿ ಯಾವುದು ಕಾರಣ ಅಂತ ಯಾವ ಕೋಚ್ ಕೂಡ ವಿಡಿಯೊ ನೋಡಿ ಹೇಳಲಾರ. ಪಾಠ ಕಲಿಯೋಕೆ ತಪ್ಪು ಕಾಣಬೇಕಲ್ವಾ? ಇಲ್ಲಿ ಕಾಣುವುದೇ ಇಲ್ಲ.

ಕಾಣುವ ತಪ್ಪು ಹೇಗಿರುತ್ತದೆ ಅಂತ ನೋಡಬೇಕಾದರೆ ಅದೇ ರಾತ್ರಿ ಇನ್ನೊಬ್ಬನನ್ನು ನೋಡಬೇಕು. ಜರ್ಮನಿಯ ಫೆಲಿಕ್ಸ್ ಲೋಖ್. 2010 ಮತ್ತು 2014ರ ಚಿನ್ನ ಅವನದೇ. ಪ್ಯೊಂಗ್‌ಚಾಂಗ್‌ನಲ್ಲೂ ಮೂರು ಸುತ್ತು ಆದಮೇಲೆ ಅವನೇ ಮುಂದೆ. ಕೊನೆಯ ಸುತ್ತಿನಲ್ಲಿ ಎಲ್ಲರನ್ನೂ ಕಾಡಿದ ಒಂಬತ್ತನೇ ತಿರುವು ಅವನನ್ನೂ ಹಿಡಿಯಿತು. ಸ್ಲೆಡ್ ಅಡ್ಡಡ್ಡ ಹೊರಳಿತು, ವೇಗ ಸತ್ತುಹೋಯಿತು, ಐದನೇ ಸ್ಥಾನಕ್ಕೆ ಬಿದ್ದ. ಚಿನ್ನ ಯಾರೂ ಎಣಿಸದಿದ್ದ ಆಸ್ಟ್ರಿಯಾದ ಡೇವಿಡ್ ಗ್ಲೈರ್ಷರ್‌ಗೆ, ಬೆಳ್ಳಿ ಅಮೆರಿಕದ ಕ್ರಿಸ್ ಮಾಜ್ಡ್‌ಜರ್‌ಗೆ. ಲೋಖ್‌ಗೆ ತಾನು ಎಲ್ಲಿ ಸೋತೆ ಅಂತ ತಿರುವಿನ ನಂಬರ್ ಸಮೇತ ಗೊತ್ತು. ಡೊಮಿನಿಕ್‌ಗೆ ಆ ಸಮಾಧಾನವೂ ಇಲ್ಲ. ಲೋಖ್ ಬಿದ್ದಿದ್ದರಿಂದ ಒಂದು ಪದಕ ಖಾಲಿಯಾಗಿತ್ತು, ಅದು ಇವನ ಪಕ್ಕದಲ್ಲೇ ಹಾದು ಲುಡ್ವಿಗ್ ಕೈಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇದು ತುಟಿಗೆ ತಾಗಿ ಜಾರಿದ ತುತ್ತು.

ಮೇಲಿಂದ ಇನ್ನೊಂದು ಭಾರ. 1994ರಿಂದ 2014ರವರೆಗೆ ಪ್ರತಿ ಒಲಿಂಪಿಕ್ಸ್‌ನಲ್ಲೂ ಪುರುಷರ ಲೂಜ್ ಪದಕಕಟ್ಟೆ ಮೇಲೆ ಇಟಲಿ ಇತ್ತು. ಆ ಇಟಲಿ ಅಂದರೆ ಝೋಗ್ಗೆಲರ್. ಎರಡು ಚಿನ್ನ, ಒಂದು ಬೆಳ್ಳಿ, ಮೂರು ಕಂಚು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಒಂದೇ ವೈಯಕ್ತಿಕ ಸ್ಪರ್ಧೆಯಲ್ಲಿ ಸತತ ಆರು ಸಲ ಪದಕ ಗೆದ್ದವನು ಅವನಿಗಿಂತ ಮೊದಲು ಯಾರೂ ಇರಲಿಲ್ಲ. 2014ರ ಸೋಚಿಯಲ್ಲಿ ಝೋಗ್ಗೆಲರ್‌ಗೆ 40, ಅವನಿಗೆ ಕೊನೆಯ ಕಂಚು. ಅದೇ ತಂಡದಲ್ಲಿ 20 ವರ್ಷದ ಡೊಮಿನಿಕ್, ಮೊದಲ ಒಲಿಂಪಿಕ್ಸ್, ಆರನೇ ಸ್ಥಾನ. ಝೋಗ್ಗೆಲರ್ ಬಿಟ್ಟಮೇಲೆ ಯಾರು ಅನ್ನೋ ಪ್ರಶ್ನೆಗೆ ಎಲ್ಲರೂ ಬೆರಳು ತೋರಿಸಿದ್ದು ಈ ಹುಡುಗನ ಕಡೆಗೆ. 2017ರಲ್ಲಿ ಇನ್ಸ್‌ಬ್ರುಕ್ ಪಕ್ಕದ ಇಗ್ಲ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದು ಆ ಮಾತನ್ನು ಉಳಿಸಿಕೊಂಡಿದ್ದ. ಮರುವರ್ಷವೇ ಮೂರು ಬೆರಳು. ಇಪ್ಪತ್ನಾಲ್ಕು ವರ್ಷದ ಸರಪಳಿ ಅಲ್ಲಿಗೆ ತುಂಡಾಯಿತು.

ಮುಂದಿನ ತಿಂಗಳ ಸಂಬಳ

ಇಲ್ಲಿಂದ ಮುಂದೆ ಛಲದ ಕತೆ ಶುರು ಮಾಡಬೇಕು ಅನ್ನುವವರಿಗೆ ಒಂದು ಸಪ್ಪೆ ವಿಷಯ ಹೇಳುತ್ತೇನೆ. ಡೊಮಿನಿಕ್ ಕರಾಬಿನಿಯೆರಿಯವನು. ಕರಾಬಿನಿಯೆರಿ ಅಂದರೆ ಇಟಲಿಯ ಅರೆಸೇನಾ ಪೊಲೀಸ್ ಪಡೆ. ಅದಕ್ಕೆ ಸ್ವಂತ ಕ್ರೀಡಾ ಕೇಂದ್ರ ಇದೆ. ಸೈನ್ಯಕ್ಕೆ, ಪೊಲೀಸರಿಗೆ, ತೆರಿಗೆ ಗಡಿ ಪಡೆಗೆ ಕೂಡ ಇಂಥವೇ ಗುಂಪುಗಳಿವೆ. ಆಟಗಾರನನ್ನು ಸಿಬ್ಬಂದಿಯಾಗಿ ಸೇರಿಸಿಕೊಳ್ಳುತ್ತಾರೆ. ಅವನ ಡ್ಯೂಟಿ ಅಂದರೆ ತರಬೇತಿ ಮತ್ತು ಸ್ಪರ್ಧೆ. ತಿಂಗಳಿಗೆ ಸರಿಯಾಗಿ ಸಂಬಳ. ಆಟ ಮುಗಿದ ಮೇಲೆ ಬೇಕಾದರೆ ಅದೇ ಪಡೆಯಲ್ಲಿ ಕೆಲಸ ಮುಂದುವರಿಸಬಹುದು. ಝೋಗ್ಗೆಲರ್ ಕೂಡ ಇದೇ ಸಮವಸ್ತ್ರದವನು. ನಮ್ಮ ರೈಲ್ವೆ ಮತ್ತು ಸರ್ವಿಸಸ್ ಕೋಟಾ ನೆನಪಾಗುತ್ತದೆ, ಆದರೆ ಇಟಲಿಯಲ್ಲಿ ಚಳಿಗಾಲದ ಆಟಗಳ ಬೆನ್ನೆಲುಬೇ ಇದು.

ಅಂದರೆ 2018ರ ಮಾರ್ಚಿನಲ್ಲೂ ಅವನು ನೌಕರಿಯಲ್ಲೇ ಇದ್ದ. ಪ್ರಾಯೋಜಕರ ಬಾಗಿಲು ತಟ್ಟುವ ಪ್ರಶ್ನೆ ಬರಲಿಲ್ಲ. ಮೂರು ಬೆರಳು ಹಿಂದೆ ಬಿದ್ದವನನ್ನು ಮೂರು ಬೆರಳು ಮುಂದೆ ಬಂದವನ ಹಾಗೇ ನೋಡಿಕೊಳ್ಳುವ ವ್ಯವಸ್ಥೆ. ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು. ಛಲ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಛಲಕ್ಕೆ ನಾಲ್ಕು ವರ್ಷ ಊಟ ಹಾಕಿದವರು ಯಾರು ಅಂತ ಯಾರೂ ಕೇಳುವುದಿಲ್ಲ, ಅದಕ್ಕೆ ಹೇಳಿದೆ.

ಹೋಲಿಕೆಗೆ ದೂರ ಹೋಗಬೇಕಾಗಿಲ್ಲ. ಅದೇ ಪ್ಯೊಂಗ್‌ಚಾಂಗ್‌ನ ಅದೇ ಸ್ಪರ್ಧೆಯಲ್ಲಿ ನಮ್ಮ ಶಿವ ಕೇಶವನ್ ಇದ್ದ. 34ನೇ ಸ್ಥಾನ. ಅದು ಅವನ ಆರನೇ ಮತ್ತು ಕೊನೆಯ ಒಲಿಂಪಿಕ್ಸ್. ಮನಾಲಿ ಹತ್ತಿರ ಬೆಳೆದವನು, ಅಪ್ಪ ಕೇರಳದವರು, ಅಮ್ಮ ಇಟಲಿಯವರು. 1998ರಲ್ಲಿ ನಾಗಾನೊಗೆ ಹೋದಾಗ ಅವನಿಗೆ ಬರೀ 16. ಊರಲ್ಲಿ ಟ್ರ್ಯಾಕ್ ಇಲ್ಲದೆ ಸ್ಲೆಡ್‌ಗೆ ಚಕ್ರ ಹಾಕಿಕೊಂಡು ಹಿಮಾಲಯದ ಹೆದ್ದಾರಿಯಲ್ಲಿ, ಲಾರಿಗಳ ಮಧ್ಯೆ ಅಭ್ಯಾಸ ಮಾಡುತ್ತಿದ್ದ. ದುಡ್ಡಿಗೆ ಜನರ ಮುಂದೆ ಕೈ ಚಾಚಿದ್ದೂ ಉಂಟು. ಸೋಚಿಗೆ ಹೋದಾಗ ನಮ್ಮ ಒಲಿಂಪಿಕ್ ಸಂಸ್ಥೆ ಅಮಾನತಿನಲ್ಲಿತ್ತು, ಪಾಪ, ದೇಶದ ಬಾವುಟವೂ ಇಲ್ಲದೆ ಜಾರಿದ. ಅವನಲ್ಲೂ ಛಲಕ್ಕೆ ಏನು ಕಮ್ಮಿ ಇತ್ತು?

ಹಾಗಂತ ಡೊಮಿನಿಕ್‌ಗೆ ಎಲ್ಲಾ ಸಲೀಸಾಗಿತ್ತು ಅಂತಲ್ಲ. ಅವನ ದೇಶದಲ್ಲೂ ಟ್ರ್ಯಾಕ್ ಇರಲಿಲ್ಲ. ಇದು ಕೇಳಿದವರಿಗೆ ಆಶ್ಚರ್ಯ ಆಗುತ್ತದೆ. ಕೊರ್ತೀನಾ ದಂಪೆಝೋದ ಹಳೆಯ ಟ್ರ್ಯಾಕ್ 2008ರಲ್ಲೇ ಮುಚ್ಚಿತು. 2006ರ ಟೊರಿನೊ ಒಲಿಂಪಿಕ್ಸ್‌ಗೆ ಅಂತ ಚೆಸಾನಾ ಪರಿಯೋಲ್‌ನಲ್ಲಿ ಭಾರೀ ಖರ್ಚು ಮಾಡಿ ಹೊಸದು ಕಟ್ಟಿದ್ದರು. ಝೋಗ್ಗೆಲರ್ ಅಲ್ಲಿ ಒಲಿಂಪಿಕ್ ಚಿನ್ನ ಗೆದ್ದ, 2011ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದೂ ಅಲ್ಲೇ. ಸ್ವಲ್ಪ ದಿನಕ್ಕೆ ಅದಕ್ಕೂ ಬೀಗ ಬಿತ್ತು. ಮಂಜು ಕಟ್ಟಿಸುವ ಪೈಪುಗಳಿಗೆ ಅಮೋನಿಯ ಬೇಕು, ಕರೆಂಟು ಬೇಕು, ಆಳು ಬೇಕು. ವರ್ಷಕ್ಕೆ ಬೆರಳೆಣಿಕೆ ಸ್ಪರ್ಧೆ ನಡೆಯುವ ಜಾಗಕ್ಕೆ ಆ ಖರ್ಚು ಯಾರು ಹೊರುತ್ತಾರೆ? ಡೊಮಿನಿಕ್ ದೊಡ್ಡವರ ತಂಡಕ್ಕೆ ಬರುವ ಹೊತ್ತಿಗೆ ಇಟಲಿಯಲ್ಲಿ ಜಾರೋಕೆ ಒಂದೇ ಒಂದು ಕೃತಕ ಟ್ರ್ಯಾಕ್ ಇರಲಿಲ್ಲ. ಬ್ರೆನ್ನರ್ ಘಾಟಿ ದಾಟಿ ಆಸ್ಟ್ರಿಯಾದ ಇಗ್ಲ್ಸ್‌ಗೆ ಹೋಗಬೇಕು, ಇಲ್ಲವೇ ಜರ್ಮನಿಗೆ. ಎದುರಾಳಿಗಳ ಮನೆಯಂಗಳದಲ್ಲಿ ಅಭ್ಯಾಸ. ಜರ್ಮನಿಯವರ ಹತ್ತಿರ ನಾಲ್ಕು ಟ್ರ್ಯಾಕ್ ಇದ್ದವು.

ಈ ಕೊರತೆಯನ್ನು ಇಟಲಿಯವರು ಆದಷ್ಟು ಮುಚ್ಚಿಕೊಂಡಿದ್ದು ಸ್ಲೆಡ್ ಕೆಲಸದಲ್ಲಿ. ಆಟ ಬಿಟ್ಟ ಝೋಗ್ಗೆಲರ್ ಮನೆಗೆ ಹೋಗಲಿಲ್ಲ. ತಂಡದ ಜೊತೆಗೇ ಉಳಿದು ಮೊದಲು ಸ್ಲೆಡ್ ಮತ್ತು ಸಲಕರಣೆ ನೋಡಿಕೊಂಡ, ಆಮೇಲೆ ತರಬೇತಿಯ ಹೊಣೆಯನ್ನೂ ಹೊತ್ತ. ಮೂರು ಬೆರಳಲ್ಲಿ ಸೋತವನ ಪಕ್ಕದಲ್ಲಿ, ಉಕ್ಕು ಉಜ್ಜುವ ಕೋಣೆಯಲ್ಲಿ, ಆರು ಪದಕದವನು. ಆಟಗಾರನಿಗೆ ಇದಕ್ಕಿಂತ ಒಳ್ಳೆಯದೂ ಇಲ್ಲ, ಇದಕ್ಕಿಂತ ಕಷ್ಟದ್ದೂ ಇಲ್ಲ ಅಂತ ನನ್ನ ಅಂದಾಜು.

232 ಮತ್ತು 951

2022ರ ಫೆಬ್ರವರಿ 6. ಬೀಜಿಂಗ್ ಒಲಿಂಪಿಕ್ಸ್, ಯಾನ್‌ಚಿಂಗ್ ಬೆಟ್ಟದ ಟ್ರ್ಯಾಕ್. ಪೂರ್ತಿ 360 ಡಿಗ್ರಿ ಸುತ್ತಿ ಬರುವ ಒಂದು ತಿರುವು ಇರುವ ಹೊಚ್ಚ ಹೊಸ ದಾರಿ. ಇಲ್ಲಿ ಮನೆಯಂಗಳದ ಲಾಭ ಯುರೋಪಿನ ಯಾರಿಗೂ ಇರಲಿಲ್ಲ. ಡೊಮಿನಿಕ್‌ಗೆ ಕಂಚು ಬಂತು. 2014ರ ನಂತರ ಇಟಲಿಗೆ ಲೂಜ್‌ನಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ಲೋಖ್ ನಾಲ್ಕನೆಯವನು. ಆಸ್ಟ್ರಿಯಾದ ವೋಲ್ಫ್‌ಗಾಂಗ್ ಕಿಂಡ್ಲ್ ಬೆಳ್ಳಿ. ಚಿನ್ನ ಯಾರಿಗೆ ಗೊತ್ತಾ? ಯೊಹಾನ್ನೆಸ್ ಲುಡ್ವಿಗ್‌ಗೆ. ನಾಲ್ಕು ವರ್ಷದ ಹಿಂದೆ ಮೂರು ಬೆರಳು ಮುಂದೆ ಇದ್ದವನೇ.

ಛಲದ ಕತೆ ಇಲ್ಲಿಗೆ ಮುಗಿಯುತ್ತದೆ. ಈಗ ನನ್ನ ಲೆಕ್ಕ.

2018ರಲ್ಲಿ ಚಿನ್ನ ಗೆದ್ದ ಗ್ಲೈರ್ಷರ್ ಕಾಲ 3:10.702. ಡೊಮಿನಿಕ್ ಅವನಿಗಿಂತ 0.232 ಸೆಕೆಂಡ್ ಹಿಂದೆ. ಪದಕ ಇಲ್ಲ. 2022ರಲ್ಲಿ ಲುಡ್ವಿಗ್ ಕಾಲ 3:48.735, ಡೊಮಿನಿಕ್ ಕಾಲ 3:49.686. ಅಂದರೆ 0.951 ಸೆಕೆಂಡ್ ಹಿಂದೆ. ಕಂಚು. ಚಿನ್ನದಿಂದ ನಾಲ್ಕು ಪಟ್ಟು ದೂರ ಇದ್ದಾಗ ಪದಕ ಬಂತು, ನಾಲ್ಕು ಪಟ್ಟು ಹತ್ತಿರ ಇದ್ದಾಗ ಬರಲಿಲ್ಲ.

ಬೇರೆ ಬೇರೆ ಟ್ರ್ಯಾಕ್, ಬೇರೆ ಬೇರೆ ಮಂಜು, ಹೋಲಿಸೋಕೆ ಬರುತ್ತಾ ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಒಂದು ಸುತ್ತಿನ ಕಾಲವೂ ಯಾನ್‌ಚಿಂಗ್‌ನಲ್ಲಿ ಸುಮಾರು 10 ಸೆಕೆಂಡ್ ಜಾಸ್ತಿ, ಹಾಗಾಗಿ ಅಂತರ ಸ್ವಲ್ಪ ಹಿಗ್ಗುವುದು ಸಹಜ. ಆದರೆ ನಾಲ್ಕು ಪಟ್ಟು ಹಿಗ್ಗುವುದಿಲ್ಲ. ಬೀಜಿಂಗ್‌ನ ಡೊಮಿನಿಕ್ ಪ್ಯೊಂಗ್‌ಚಾಂಗ್‌ನ ಡೊಮಿನಿಕ್‌ಗಿಂತ ಚೆನ್ನಾಗಿ ಆಡಿದ್ದರಿಂದ ಗೆದ್ದ ಅನ್ನೋಕೆ ಈ ಅಂಕಿಗಳಲ್ಲಿ ಆಧಾರ ಇಲ್ಲ. ನನ್ನ ಕಣ್ಣಿಗೆ ಅವನ ಅತ್ಯುತ್ತಮ ಒಲಿಂಪಿಕ್ ಓಟ ಪದಕ ಬಾರದ ಓಟವೇ. ಎರಡನೇ ಸಲ ಅವನ ಮುಂದೆ ಇಬ್ಬರೇ ಇದ್ದರು, ಮೊದಲನೇ ಸಲ ಮೂವರಿದ್ದರು. ವ್ಯತ್ಯಾಸ ಅಷ್ಟೇ. ಅವನು ಮಾಡಿದ್ದು ಪದಕದ ಸುತ್ತಮುತ್ತ ಸುಳಿದಾಡುತ್ತಾ ಉಳಿದದ್ದು. ನಾಲ್ಕು ವರ್ಷ ಕಳೆದರೂ ಮೊದಲ ಐದಾರು ಜನರೊಳಗೆ ಇರುವುದು. ಅಲ್ಲಿದ್ದರೆ ಒಂದು ಸಲ ಗಾಳಿ ಆ ಕಡೆ, ಒಂದು ಸಲ ಈ ಕಡೆ.

ಹಾಗೆ ಉಳಿದಿದ್ದಕ್ಕೆ ಬೇರೆ ಸಾಕ್ಷಿಯೂ ಇದೆ, ಒಲಿಂಪಿಕ್ಸ್‌ಗಿಂತ ಒಳ್ಳೆಯ ಸಾಕ್ಷಿ. 2022-23ರ ಸಾಲಿನಲ್ಲಿ ಡೊಮಿನಿಕ್ ವಿಶ್ವಕಪ್ ಒಟ್ಟು ಪಟ್ಟಿಯಲ್ಲಿ ಮೊದಲನೆಯವನಾದ. ವಿಶ್ವಕಪ್ ಒಂದು ರಾತ್ರಿಯ ಆಟ ಅಲ್ಲ. ಚಳಿಗಾಲ ಪೂರ್ತಿ ಊರೂರು ಸುತ್ತಿ, ಪ್ರತಿ ಸ್ಪರ್ಧೆಯ ಅಂಕ ಕೂಡಿಸಿ ಕೊಡುವುದು. ಗಾಳಿಯ ಸುಳಿ, ಮಂಜಿನ ಗೀರು ಎಲ್ಲಾ ಅಲ್ಲಿ ಒಂದಕ್ಕೊಂದು ಸರಿಹೋಗುತ್ತವೆ. ಇಟಲಿಯವನೊಬ್ಬ ಅದನ್ನು ಕೊನೆಯ ಸಲ ಗೆದ್ದಿದ್ದು 2010-11ರಲ್ಲಿ, ಝೋಗ್ಗೆಲರ್. ಪೇಪರುಗಳಲ್ಲಿ ಈ ಸುದ್ದಿಗೆ ಒಲಿಂಪಿಕ್ ಕಂಚಿನಷ್ಟು ಜಾಗ ಸಿಗಲಿಲ್ಲ. ಅದು ಎಲ್ಲಾ ಕಡೆ ಹಾಗೇ.

ಕೊರ್ತೀನಾ

2026ರ ಒಲಿಂಪಿಕ್ಸ್ ಮಿಲಾನ್ ಮತ್ತು ಕೊರ್ತೀನಾಗೆ ಅಂತ ನಿರ್ಧಾರ ಆದಾಗಿಂದ ಟ್ರ್ಯಾಕ್ ಎಲ್ಲಿ ಅನ್ನೋ ಜಗಳ ಶುರುವಾಗಿತ್ತು. ಹಳೆಯ ಕೊರ್ತೀನಾ ಟ್ರ್ಯಾಕ್ ಜಾಗದಲ್ಲೇ ಹೊಸದು ಕಟ್ಟಬೇಕು ಅಂತ ಸರ್ಕಾರ. ದುಡ್ಡು ದಂಡ, ಕಾಡಿನ ಮರ ಕಡಿಯಬೇಡಿ ಅಂತ ಊರವರು, ಪರಿಸರದವರು. ಪಕ್ಕದ ದೇಶದಲ್ಲಿ ಇರುವ ಟ್ರ್ಯಾಕನ್ನೇ ಬಳಸಿ ಅಂತ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ. 2023ರ ಅಕ್ಟೋಬರ್‌ನಲ್ಲಿ ಇಟಲಿಯವರೇ ಸೋತು, ಸ್ಪರ್ಧೆ ಹೊರದೇಶದಲ್ಲಿ ನಡೆಸುತ್ತೇವೆ ಅಂತ ಹೇಳಿಬಿಟ್ಟಿದ್ದರು. ಆಮೇಲೆ ಮತ್ತೆ ಮನಸ್ಸು ಬದಲಾಯಿತು. 2024ರ ಫೆಬ್ರವರಿಯಲ್ಲಿ ಕೆಲಸ ಶುರು. ಟೆಂಡರ್ ಮೊತ್ತ ಸುಮಾರು 8 ಕೋಟಿ ಯೂರೊ. ಒಲಿಂಪಿಕ್ಸ್‌ಗೆ ಎರಡೇ ವರ್ಷ ಉಳಿದಿತ್ತು, ಆಗಲ್ಲ ಅಂದವರೇ ಜಾಸ್ತಿ. 2025ರ ಮಾರ್ಚ್ ಕೊನೆಗೆ ಮೊದಲ ಸ್ಲೆಡ್‌ಗಳು ಇಳಿದವು.

ಚೆಸಾನಾ ಗತಿ ಇದಕ್ಕೂ ಬರುತ್ತದಾ ಅನ್ನೋ ಪ್ರಶ್ನೆ ನ್ಯಾಯವಾದದ್ದು. ನನಗೂ ಆ ಅನುಮಾನ ಇದೆ. ಆದರೆ ಒಬ್ಬ ಆಟಗಾರನ ಕಡೆಯಿಂದ ನೋಡಿ. ಹದಿಮೂರು ಹದಿನಾಲ್ಕು ವರ್ಷ ಬೇರೆಯವರ ಟ್ರ್ಯಾಕಿನಲ್ಲೇ ಬೆಳೆದು, ಇಟಲಿಗೆ ವಿಶ್ವಕಪ್ ತಂದು, 32ನೇ ವಯಸ್ಸಿಗೆ ಮೊದಲ ಸಲ ಅವನಿಗೆ ಸ್ವಂತದ್ದು ಅನ್ನುವ ದಾರಿ ಸಿಕ್ಕಿತು.

2026ರ ಫೆಬ್ರವರಿ 8ರಂದು ಆ ದಾರಿಯಲ್ಲಿ ಚಿನ್ನ ಜರ್ಮನಿಯ ಮ್ಯಾಕ್ಸ್ ಲಾಂಗೆನ್‌ಹಾನ್‌ಗೆ, ಬೆಳ್ಳಿ ಆಸ್ಟ್ರಿಯಾದ ಯೋನಾಸ್ ಮ್ಯೂಲರ್‌ಗೆ, ಕಂಚು ಡೊಮಿನಿಕ್‌ಗೆ. ಈ ಸಲವೂ ಚಿನ್ನ ಹತ್ತಿರಹತ್ತಿರ ಒಂದು ಸೆಕೆಂಡಿನಷ್ಟು ಮುಂದಿತ್ತು. ಮೂರು ದಿನ ಬಿಟ್ಟು ಅದೇ ಟ್ರ್ಯಾಕಿನಲ್ಲಿ ಇಬ್ಬರು ಕೂರುವ ಲೂಜ್‌ನಲ್ಲಿ ಇಟಲಿಯ ಪುರುಷರ ಜೋಡಿಗೂ ಮಹಿಳೆಯರ ಜೋಡಿಗೂ ಚಿನ್ನ ಬಂತು. ಈ ಸಲ ಯಾರ ಜೊತೆಗೂ ಹಂಚಿಕೊಳ್ಳಬೇಕಾಗಲಿಲ್ಲ.

ಡೊಮಿನಿಕ್‌ನ ನಾಲ್ಕು ಒಲಿಂಪಿಕ್ಸ್ ಹೀಗೆ: 6, 4, 3, 3. ಮೊದಲ ಮೂರಕ್ಕೆ ವಿಮಾನ ಹತ್ತಬೇಕಾಗಿತ್ತು. ನಾಲ್ಕನೆಯದಕ್ಕೆ ಕಾರು ಸಾಕು. ಕೊರ್ತೀನಾದಿಂದ ಹೊರಟರೆ ರಸ್ತೆ ಮೊದಲು ಬಡಗು ದಿಕ್ಕಿಗೆ ಟೋಬ್ಲಾಖ್‌ವರೆಗೆ ಹೋಗುತ್ತದೆ. ಅಲ್ಲಿ ಎಡಕ್ಕೆ ತಿರುಗಿ ಪುಸ್ತೇರಿಯಾ ಕಣಿವೆಗೆ ಇಳಿಯುತ್ತದೆ. ಬ್ರೂನೆಕ್ ದಾಟಿ, ಹಿಲ್ಡ್‌ಗಾರ್ಟ್ನರ್ ಊರು ಕೀನ್ಸ್ ದಾಟಿ, ಹೊಳೆಯ ಪಕ್ಕದಲ್ಲೇ ಕೆಳಗೆ ಬಂದರೆ ಮ್ಯೂಲ್‌ಬಾಖ್.